ಬಲ ಹೆಗಲ ಮೇಲಿನ ಗೆರೆ

ಕಳೆದ ತಿಂಗಳು ನಗರದಂಚಿನ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿಗೆ ಪೇಶಂಟ್ ನೋಡಲು ಹೋಗಿದ್ದೆ. ಲಕ್ವಾ ಹೊಡೆದ ಹಿರಿಯರೊಬ್ಬರು, ಹನ್ನೊಂದನೆಯ ಮಹಡಿ. ಗೇಟಿನ ಪುಸ್ತಕದಲ್ಲಿ ಹೆಸರು ಬರೆಯುತ್ತ ತಲೆಯೆತ್ತಿದವಳು ಎದುರಿನ ತಿರುವು ನೋಡಿ ಹಾಗೇ ನಿಂತುಬಿಟ್ಟೆ. ಅಂಗಡಿಗಳು ಹೊಸವು, ಗಿಡಗಳು ಹೊಸವು. ಆದರೆ ಒಂದು ದೊಡ್ಡ ಬಂಡೆಯನ್ನು ಬಳಸಿಕೊಂಡು ರಸ್ತೆ ಎಡಕ್ಕೆ ಹೊರಳುವ ರೀತಿ ಬದಲಾಗಿರಲಿಲ್ಲ. ಐದು ವರ್ಷದ ಹಿಂದೆ ಈ ಕಟ್ಟಡ ಬರೀ ಕಂಬಗಳಾಗಿದ್ದಾಗ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಇದೇ ತಿರುವಿನಲ್ಲಿ ಆಟೋದಿಂದ ಇಳಿದಿದ್ದೆ. ಸೆಕ್ಯೂರಿಟಿಯವನು ತೆಲುಗಿನಲ್ಲಿ ಎರಡು ಸಲ ಫ್ಲ್ಯಾಟ್ ನಂಬರ್ ಕೇಳಿದ ಮೇಲೆ ನನಗೆ ಎಚ್ಚರವಾಯಿತು.

ಆ ಮಳೆಗಾಲದ ಕತೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದರೆ ನನ್ನ ಪಾಲಿನದನ್ನೂ ಹೇಳಬೇಕಾಗುತ್ತದೆ.

ನಾನು ಫಿಜಿಯೋಥೆರಪಿಸ್ಟ್. ಊರು ಹುಮನಾಬಾದ್. ಆಗ ಇದೇ ನಗರದ ನಡುವಿನ ಹಿಮಾಯತ್‌ನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಕನ್ನಡ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ, ಅಲ್ಲೇ ಎರಡು ಓಣಿ ಆಚೆಗಿದ್ದ ಶಿವರಾಜಪ್ಪನವರ ಮನೆಗೆ ನನ್ನನ್ನು ಕಳಿಸಿದರು. ಕಲಬುರ್ಗಿ ಕಡೆಯ ಮನೆತನ. ಅವರಿಗೆ ನಾಚಾರಂನಲ್ಲಿ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಮಾಡುವ ಕಾರ್ಖಾನೆ ಇತ್ತು. ಹೆಂಡತಿಯ ಹೆಸರು ಸುಮಂಗಲಾ. ಒಬ್ಬಳೇ ಮಗಳು ನಿಹಾರಿಕಾ. ಮನೆಯಲ್ಲಿ ಎಲ್ಲರ ಬಾಯಲ್ಲೂ ನಿಹಾ. ಹತ್ತೊಂಬತ್ತು ವರ್ಷದ ಹುಡುಗಿ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರಿನಲ್ಲಿತ್ತು. ಅದನ್ನು ಬಿಚ್ಚಿದ ಮೇಲೆ ಬೆರಳು ಮಡಚಲು, ಕೈ ತಿರುಗಿಸಲು ಬರುತ್ತಿರಲಿಲ್ಲ. ಆ ಕೈಗೆ ಚಲನೆ ತರುವುದು ನನ್ನ ಕೆಲಸ.

ಮೊದಲ ದಿನವೇ ಸುಮಂಗಲಾ ಅಪಘಾತದ ಕತೆ ಹೇಳಿದರು. ಮೇ ತಿಂಗಳ ಒಂದು ಬೆಳಿಗ್ಗೆ, ಆಗಷ್ಟೇ ಬೆಳಕಾಗುವ ಹೊತ್ತಿಗೆ, ಗೆಳತಿಯ ಮನೆಯಿಂದ ನಿಹಾಳನ್ನು ಕರೆತರಲು ಡ್ರೈವರ್ ಮಲ್ಲಣ್ಣ ಹೋಗಿದ್ದನಂತೆ. ವಾಪಸು ಬರುವಾಗ ಮಣಿಕೊಂಡದಲ್ಲಿ, ನೀರಿನ ಟ್ಯಾಂಕರಿನ ಮರೆಯಿಂದ ಕೊಡ ಹೊತ್ತ ಕೂಲಿ ಹೆಂಗಸೊಬ್ಬಳು ಅಡ್ಡ ಬಂದಳಂತೆ. ಅವಳ ಕಾಲು ಮುರಿಯಿತು, ಕಾರು ಬಂಡೆಗೆ ಬಡಿಯಿತು, ಪಕ್ಕದ ಸೀಟಿನಲ್ಲಿದ್ದ ನಿಹಾಳ ಕೈ ಮುರಿಯಿತು. ಮಲ್ಲಣ್ಣನ ಮೇಲೆ ಕೇಸಾಗಿದೆ, ಲೈಸೆನ್ಸ್ ಪೊಲೀಸರ ಹತ್ತಿರ ಇದೆ, ಆದರೂ ಪಾಪ ಎಂದು ಅವನನ್ನು ಕೆಲಸದಿಂದ ತೆಗೆದಿಲ್ಲ ಎಂದರು. ನಿಹಾ ಈ ಕತೆಯನ್ನು ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ಕೇಳುತ್ತ ಕೂತಿದ್ದಳು.

ಎರಡನೆಯ ವಾರ ಅವಳ ಹೆಗಲಿನ ಬಿಗಿತ ನೋಡಬೇಕಾಯಿತು. ಅಗಲ ಕೊರಳಿನ ಅಂಗಿ ಹಾಕಿದ್ದಳು. ಬಲಗಡೆ ಕುತ್ತಿಗೆಯ ಬುಡದಿಂದ ಎದೆಯ ಎಡಕ್ಕೆ ಇಳಿಯುವ ಒಂದು ಕಪ್ಪು ಗೆರೆ ಕಂಡಿತು. ಸೀಟ್ ಬೆಲ್ಟ್ ಉಜ್ಜಿ ಚರ್ಮ ಸುಲಿದು, ಒಣಗಿ, ಕಪ್ಪಾಗಿ ಉಳಿದ ಗುರುತು. ಇಂಥದನ್ನು ಎಷ್ಟೋ ನೋಡಿದ್ದೇನೆ. ಪಕ್ಕದ ಸೀಟಿನಲ್ಲಿ ಕೂತವರಿಗೆ ಬೆಲ್ಟು ಎಡ ಹೆಗಲ ಮೇಲಿಂದ ಬರುತ್ತದೆ. ಬಲ ಹೆಗಲ ಮೇಲಿಂದ ಬರುವುದು ಗಾಡಿ ನಡೆಸುವವರಿಗೆ.

ನನ್ನ ಬೆರಳು ಆ ಗೆರೆಯ ಹತ್ತಿರ ನಿಂತದ್ದು ನಿಹಾಳಿಗೆ ಗೊತ್ತಾಯಿತು. ತಲೆ ತಿರುಗಿಸಿ ನನ್ನ ಮುಖ ನೋಡಿದಳು. ಬಾಗಿಲ ಬಳಿ ಸುಮಂಗಲಾ ಚಹಾದ ಟ್ರೇ ಹಿಡಿದು ನಿಂತಿದ್ದರು. ಅವರೂ ನೋಡಿದರು. ನಾನು ಅಂಗಿಯ ಕೊರಳು ಸರಿಮಾಡಿ, "ಹೆಗಲು ಚೆನ್ನಾಗಿಯೇ ಇದೆ, ಬೆರಳಿಗೆ ಬರೋಣ" ಎಂದೆ. ಆ ಒಂದು ಮಾತಿನಿಂದ ನಾನೂ ಆ ಮನೆಯವಳಾದೆ.

ಹಾಗೆ ಸುಮ್ಮನಾಗಲು ಕಾರಣವೂ ಇತ್ತು. ಅದೇ ವಾರ ಶಿವರಾಜಪ್ಪನವರು ಹಜಾರದಲ್ಲಿ ಕೂರಿಸಿಕೊಂಡು ನನ್ನ ಊರು, ಮನೆ ಎಲ್ಲ ವಿಚಾರಿಸಿದ್ದರು. ಮೆತ್ತಗೆ ಮಾತಾಡುವ ಮನುಷ್ಯ. ತಾವು ಹದಿನಾಲ್ಕನೆಯ ವಯಸ್ಸಿಗೆ ನಾಚಾರಂನ ಒಂದು ಶೆಡ್ಡಿಗೆ ಕೆಲಸಕ್ಕೆ ಬಂದದ್ದು, ಒಂದು ಅಚ್ಚು ಕೈ ಜಾರಿ ಒಡೆದದ್ದಕ್ಕೆ ಮಾಲಿಕ ಎಲ್ಲರೆದುರು ಹೊಡೆದು, ಮೂರು ದಿನ ಗೇಟಿನ ಹೊರಗೆ ನಿಲ್ಲಿಸಿದ್ದು ಹೇಳಿದರು. "ಅವತ್ತೇ ಅನ್ಕೊಂಡೀನ್ರಿ, ನನ್ನ ಹೊಟ್ಟಿಲೆ ಹುಟ್ಟಿದ್ದಕ್ಕ ಯಾರೂ ಎತ್ತಿದ ದನಿಲೆ ಮಾತಾಡಬಾರ್ದು ಅಂತ" ಎಂದರು. ಆಮೇಲೆ, ನಿಮಗೊಂದು ಸ್ವಂತ ಕ್ಲಿನಿಕ್ ಆಗಬೇಕು, ಕಾರ್ಖಾನೆ ಹತ್ತಿರ ನಮ್ಮದೊಂದು ಜಾಗ ಖಾಲಿ ಇದೆ, ಮಗಳ ಕೈ ಸರಿಯಾಗಲಿ, ಮಾತಾಡೋಣ ಎಂದರು. ಅಂದು ರೂಮಿಗೆ ನಡೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ನಾನು ಆ ಕ್ಲಿನಿಕ್ಕಿನ ಬೋರ್ಡಿನ ಮೇಲೆ ಹೆಸರು ಹೇಗೆ ಬರೆಸಬೇಕು ಎಂದೇ ಯೋಚಿಸುತ್ತಿದ್ದೆ.

ನಿಹಾಳ ಕೈ ಸುಧಾರಿಸಲಿಲ್ಲ. ಇಂಥ ಮುರಿತದಲ್ಲಿ ಪ್ಲಾಸ್ಟರ್ ಬಿಚ್ಚಿದ ಮೇಲಿನ ಮೊದಲ ಕೆಲವು ವಾರ ಬಹಳ ಮುಖ್ಯ. ಪೇಶಂಟ್ ತಾನೇ ದಿನಕ್ಕೆ ಹತ್ತು ಸಲ ಬೆರಳು ಆಡಿಸಬೇಕು. ಇಲ್ಲದಿದ್ದರೆ ಕೀಲು ಗಟ್ಟಿಯಾಗಿಬಿಡುತ್ತದೆ. ನಾನು ಅಲ್ಲಿಂದ ಹೊರಟ ಮೇಲೆ ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳಂತೆ. ಟಿವಿ ಸದ್ದಿಲ್ಲದೆ ಓಡುತ್ತಿತ್ತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಊಟ ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ನಾನು ಮಣಿಕಟ್ಟನ್ನು ಬಾಗಿಸುವಾಗ ಮಾತ್ರ ಅವಳಲ್ಲಿ ಏನೋ ಎಚ್ಚರಗೊಳ್ಳುತ್ತಿತ್ತು. ಎಂಥ ಗಟ್ಟಿಗರೂ ಆಗ ಕೈ ಎಳೆದುಕೊಳ್ಳುತ್ತಾರೆ. ಅವಳು ಎಳೆದುಕೊಳ್ಳುತ್ತಿರಲಿಲ್ಲ.

"ಇನ್ನೂ ಜೋರಾಗಿ ಒತ್ರಿ ಅಕ್ಕಾ," ಎನ್ನುತ್ತಿದ್ದಳು.

"ಸಾಕು ನಿಹಾ, ನೋಯ್ತದ."

"ನೋಯ್ಲಿ. ನಡೀತದ."

ಆ ದನಿ ನನಗೆ ಹಿಡಿಸುತ್ತಿರಲಿಲ್ಲ.

ಸುಮಂಗಲಾ ಮಗಳನ್ನು ಬೆಳೆಸಿದ ಬಗೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಶಾಲೆಯಲ್ಲಿ ಲೆಕ್ಕದ ಟೀಚರು ಗದರಿದರೆಂದು ಶಾಲೆಯನ್ನೇ ಬದಲಿಸಿದ್ದು, ಅವಳು ಸಿಟ್ಟಿನಲ್ಲಿ ಎಸೆದ ಫೋನು ಒಡೆದರೆ ಸಂಜೆಯೊಳಗೆ ಅಂಥದೇ ಇನ್ನೊಂದು ಬರುತ್ತಿದ್ದುದು. ಒಮ್ಮೆ ಟೆರೇಸಿನ ಜೋಕಾಲಿಯಿಂದ ಗೆಳತಿಯೊಬ್ಬಳು ಬಿದ್ದು ಕೈ ಮುರಿದುಕೊಂಡಿದ್ದಳಂತೆ. ವಾಚ್‌ಮನ್ ಹಗ್ಗ ಸರಿಯಾಗಿ ಕಟ್ಟಿರಲಿಲ್ಲ, ಅವನನ್ನು ಅವತ್ತೇ ಕೆಲಸ ಬಿಡಿಸಿದೆವು, ಇವಳಿಗೆ ಒಂದು ಹಗಲೂ ಬೇಜಾರಾಗಲು ಬಿಡಲಿಲ್ಲ ಎಂದರು. ಅವರು ಅಡುಗೆಮನೆಗೆ ಹೋದ ಮೇಲೆ ನಿಹಾ ಗೋಡೆ ನೋಡುತ್ತ ಹೇಳಿದಳು:

"ಹಗ್ಗ ಸಡಿಲ ಇರಲಿಲ್ಲ ಅಕ್ಕಾ. ನಾ ಜೋರಾಗಿ ನೂಕಿದ್ದೆ. ನಾನೇ ನೂಕಿದ್ದು ಅಂತ ಮಮ್ಮಿಗೆ ಹೇಳ್ದೆ. ಇಲ್ಲ, ಹಗ್ಗ ನೋಡು ಬಾ ಅಂತ ಕರ್ಕೊಂಡು ಹೋಗಿ ತೋರಿಸಿದ್ರು. ಸಡಿಲಾಗೇ ಇತ್ತು. ಆಮೇಲೆ ನಂಗೇ ಗೊತ್ತಾಗಲಿಲ್ಲ, ನೂಕಿದ್ನೋ ಇಲ್ವೋ ಅಂತ."

ಆಮೇಲೆ ನನ್ನ ಕಡೆ ತಿರುಗಿದಳು: "ನಾನು ಏನ್ ಮಾಡಿದ್ರೂ ಅದು ಆಗಿರೋದೇ ಇಲ್ಲ. ಹಂಗಾದ್ರ ನಾನಾದರೂ ಅದೀನೇನು?"

ನಾನು ವ್ಯಾಯಾಮದ ರಬ್ಬರ್ ಚೆಂಡು ಅವಳ ಅಂಗೈಗಿಟ್ಟು, ಇಪ್ಪತ್ತು ಸಲ ಹಿಚುಕು ಎಂದೆ.

ಜುಲೈ ಬಂತು. ಮಳೆ ಹಿಡಿಯಿತು. ನಾನು ಮೇಣದ ಶಾಖ ಶುರು ಮಾಡಿದೆ. ಸಣ್ಣ ಪಾತ್ರೆಯಂಥ ಯಂತ್ರದಲ್ಲಿ ಮೇಣ ಕರಗಿಸಿ, ಅದು ಆರಿ ಮೇಲೆ ತೆಳ್ಳಗೆ ಕೆನೆ ಕಟ್ಟಿದ ಮೇಲೆ ಕೈ ಅದ್ದಬೇಕು. ಕೆನೆ ಕಟ್ಟುವ ಮೊದಲು ಅದ್ದಿದರೆ ಸುಡುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟಿದ್ದೆ. ಒಂದು ಮಧ್ಯಾಹ್ನ ಟವೆಲ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಕುದಿಬಿಸಿ ಮೇಣದಲ್ಲಿ ಕೈಯಿಟ್ಟು ಕೂತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ನಾನು ಮೊಣಕೈ ಹಿಡಿದು ಎಳೆದೆ. ತಣ್ಣೀರು ಬಿಟ್ಟೆ. ಬೆರಳ ಹಿಂಬದಿಯೆಲ್ಲ ಕೆಂಪಾಗಿ ಆಗಲೇ ಬೊಬ್ಬೆ ಏಳುತ್ತಿತ್ತು.

ಸುಮಂಗಲಾ ಓಡಿ ಬಂದರು. ಮಗಳ ಕೈ ನೋಡಿದರು, ಆಮೇಲೆ ಯಂತ್ರ ನೋಡಿದರು. "ಮಷೀನ್ ಛಲೋ ಇಲ್ಲೇನ್ರಿ?" ಎಂದರು.

ನಿಹಾ ನನ್ನನ್ನೇ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಇವತ್ತಿಗೂ ಆ ನೋಟ ಮರೆತಿಲ್ಲ. ನಾನು ಹೇಳಿದೆ: "ಇರಬಹುದು."

ಮರುದಿನ ಹೊಸ ಮಷೀನ್ ಬಂದಿತ್ತು.

ಆ ವಾರ ಧೈರ್ಯ ಮಾಡಿ ಸುಮಂಗಲಾ ಅವರಿಗೆ, ಇವಳನ್ನು ಒಮ್ಮೆ ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದೆ. ಅವರು ಗಂಡನಿಗೆ ಹೇಳಿದರು. ನಮ್ಮ ಹುಡುಗಿಗೆ ತಲೆ ಕೆಟ್ಟಿಲ್ಲ, ನಾಳೆ ಸಂಬಂಧ ನೋಡುವಾಗ ಈ ಮಾತು ಎದ್ದರೆ ಯಾರು ಹೊಣೆ ಎಂದರಂತೆ ಶಿವರಾಜಪ್ಪನವರು. ಕೈ ಸರಿಯಾದರೆ ಎಲ್ಲ ಸರಿಯಾಗುತ್ತದೆ, ನೀವು ಕೈ ನೋಡಿ ಎಂದು ಸುಮಂಗಲಾ ನನಗೆ ತಿಳಿಸಿದರು.

ಮಲ್ಲಣ್ಣ ಗೇಟಿನ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಇಡೀ ದಿನ ಕೂತಿರುತ್ತಿದ್ದ. ಯಾದಗಿರಿ ಕಡೆಯವನು, ಐವತ್ತರ ಹತ್ತಿರದ ವಯಸ್ಸು. ನಿಹಾಳನ್ನು ನರ್ಸರಿ ಕಾಲದಿಂದಲೂ ಶಾಲೆಗೆ ಬಿಡುತ್ತ ಬಂದವನು ಅವನೇ. ಒಂದು ದಿನ ಮಳೆ ನಿಲ್ಲಲೆಂದು ಅವನ ಪಕ್ಕ ನಿಂತಿದ್ದಾಗ, ಯಾರೂ ಇಲ್ಲದ್ದು ನೋಡಿ, ಗಾಡಿ ಯಾರು ನಡೆಸುತ್ತಿದ್ದರು ಎಂದು ಕೇಳಿಯೇಬಿಟ್ಟೆ. ಅವನು ತನ್ನ ಮಗಳ ವಿಷಯ ಹೇಳಿದ. ಅವಳು ಕಲಬುರ್ಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಓದಿಸುವವರು ಸಾಹೇಬರು. ಲೈಸೆನ್ಸ್ ಇಲ್ಲದೆ, ಬರೀ ಕಲಿಯುವ ಕಾಗದ ಇಟ್ಟುಕೊಂಡು ಚಾವಿ ಕೇಳಿದ ನಿಹಾಳಿಗೆ ತಾನು ಬೇಡ ಅನ್ನಲಿಲ್ಲ, ಆ ಮನೆಯಲ್ಲಿ ಅವಳಿಗೆ ಬೇಡ ಅಂದವರೇ ಯಾರೂ ಇಲ್ಲ ಎಂದ. ಶ್ರಾವಣದಲ್ಲಿ ಕೋರ್ಟಿನ ತಾರೀಖು ಇದೆ, ಹೋಗಿ ಒಪ್ಪಿಕೊಂಡರೆ ಮುಗಿಯಿತು ಎಂದು ವಕೀಲರು ಹೇಳಿದ್ದಾರೆ ಎಂದ.

ತಾರೀಖು ಹತ್ತಿರ ಬಂದಂತೆ ಆ ಮನೆಯಲ್ಲಿ ಗಾಳಿ ಬಿಗಿಯಾಯಿತು. ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತಿದ್ದವು, ಫೋನುಗಳನ್ನು ಎಲ್ಲರೂ ಬಾಲ್ಕನಿಗೆ ಹೋಗಿ ಎತ್ತುತ್ತಿದ್ದರು. ತಾರೀಖಿಗೆ ಮುಂಚಿನ ಸೋಮವಾರ ನಾನು ಹೋದಾಗ ಅಪ್ಪ ಮಗಳು ಹಜಾರದಲ್ಲಿ ನಿಂತಿದ್ದರು. ನನ್ನನ್ನು ನೋಡಿಯೂ ಶಿವರಾಜಪ್ಪನವರು ಮಾತು ನಿಲ್ಲಿಸಲಿಲ್ಲ. ಅಷ್ಟರಲ್ಲಿ ನಾನು ಅವರಿಗೆ ಹೊರಗಿನವಳಾಗಿರಲಿಲ್ಲ.

"ಪಪ್ಪಾ, ನಾನು ಒಂದ್ಸಲ ಹೇಳಿಬಿಡ್ತೀನಿ," ಎಂದಳು ನಿಹಾ.

"ಏನಂತ ಹೇಳ್ತಿ?"

"ನಾನಿದ್ದೆ ಅಂತ."

ಅವರು ಮಗಳ ತಲೆಯ ಮೇಲೆ ಕೈಯಿಟ್ಟರು. ದನಿ ಸ್ವಲ್ಪವೂ ಏರಲಿಲ್ಲ. "ನೀ ಆ ಸೀಟಿನ್ಯಾಗ ಇರಲಿಲ್ಲ ಕೂಸ. ಹಂಗ ನೆನಪಿಟ್ಕೊ. ನಾಲ್ಕು ದಿನ ಆದ್ರ ಖರೇನ ಹಂಗ ಅನಸ್ತದ."

ನಿಹಾ ಅತ್ತಿದ್ದರೆ, ಕೂಗಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ತಲೆಯಾಡಿಸಿ ಒಳಗೆ ಬಂದು ನನ್ನೆದುರು ಕೂತು ಕೈ ಚಾಚಿದಳು. ಕೈ ಮರದ ತುಂಡಿನಂತೆ ಇತ್ತು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸುಮಂಗಲಾ ಫೋನ್ ಮಾಡಿದರು. ನಿಹಾ ಮನೆಯಲ್ಲಿಲ್ಲ. ಫೋನು ಹಾಸಿಗೆಯ ಮೇಲಿದೆ, ಚಪ್ಪಲಿ ಇಲ್ಲ. ಬೆಳಗಿನಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ನಗರವೆಲ್ಲ ನೀರು ನಿಂತಿತ್ತು. ಶಿವರಾಜಪ್ಪನವರು ನಾಚಾರಂನಿಂದ ಹೊರಟು ಎಲ್ಲೋ ಸಿಕ್ಕಿಬಿದ್ದಿದ್ದರು. ನಿಮ್ಮ ಹತ್ತಿರ ಏನಾದರೂ ಹೇಳಿದ್ದಳೇ ಎಂದು ಸುಮಂಗಲಾ ಕೇಳಿದರು. ನನಗೆ ಮೊದಲು ನೆನಪಾದದ್ದು ಮೇಣದಲ್ಲಿ ಮುಳುಗಿದ ಆ ಕೈ, ಆ ಖಾಲಿ ಮುಖ. ಕ್ಲಿನಿಕ್ಕಿನಿಂದ ಓಡಿದೆ. ಗೇಟಿನಲ್ಲಿ ಮಲ್ಲಣ್ಣ ಆಗಲೇ ಒಂದು ಆಟೋ ನಿಲ್ಲಿಸಿದ್ದ.

"ಮಣಿಕೊಂಡಕ್ಕ ಹೋಗ್ಯಾಳ್ರಿ ಅಕ್ಕಾರ," ಎಂದ. "ಮುಂಜಾನಿ ನನ್ನ ಕೇಳಿದಳು, ಆ ಹೆಣ್ಣುಮಗಳು ಯಾವ ಶೆಡ್ಡಿನ್ಯಾಗ ಇರ್ತಾಳಂತ."

ನಾವಿಬ್ಬರೂ ಹತ್ತಿದೆವು. ಲಕಡೀಕಾಪುಲ್ ದಾಟಲಿಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಮೆಹದಿಪಟ್ನಂ ಹತ್ತಿರ ಆಟೋದೊಳಗೆ ನೀರು ನುಗ್ಗಿ ನಮ್ಮ ಪಾದಗಳು ಮುಳುಗಿದವು. ಟೋಲಿಚೌಕಿಯಲ್ಲಿ ಎಂಜಿನ್ ನಿಂತು, ಡ್ರೈವರ್ ಬೈದುಕೊಳ್ಳುತ್ತ ಒರೆಸಿ ಮತ್ತೆ ಚಾಲೂ ಮಾಡಿದ. ದಾರಿಯಲ್ಲಿ ಮಲ್ಲಣ್ಣ ತಲೆ ತಗ್ಗಿಸಿಕೊಂಡು ಹೇಳಿದ: ಆಸ್ಪತ್ರೆಯಿಂದ ಆ ಹೆಂಗಸು ಶೆಡ್ಡಿಗೆ ಬಂದಾಗಿನಿಂದ ಪ್ರತಿ ಭಾನುವಾರ ತಾನು ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ಹೋಗುತ್ತಿದ್ದೇನೆ. ಹೆಸರು ಹಣಮವ್ವ, ತನ್ನದೇ ಜಿಲ್ಲೆಯವಳು. ಮೊದಲ ಸಲ ಕಾಲು ಹಿಡಿದುಕೊಂಡಾಗ ಬಾಯಿಗೆ ಬಂದಂತೆ ಬೈದಳು, ಈಗೀಗ ಕೂತ್ಕೋ ಅನ್ನುತ್ತಾಳೆ. ಇದು ಸಾಹೇಬರಿಗೆ ಗೊತ್ತಿಲ್ಲ. ಮಾಡದ ತಪ್ಪಿಗೆ ನೀನೇಕೆ ಹೋಗಬೇಕು ಎಂದು ನಾನು ಕೇಳಿದೆ. ಚಾವಿ ಕೊಟ್ಟವನು ನಾನೇ ಅಲ್ಲವೇ ಎಂದ.

ಬಂಡೆಯ ತಿರುವಿನಲ್ಲಿ ಇಳಿದಾಗ ಐದಾಗಿತ್ತು. ಕಂಬಗಳ ಕಾಡಿನಂತೆ ನಿಂತಿದ್ದ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳು. ಕೆಸರಿನಲ್ಲಿ ಹಲಗೆಗಳ ಮೇಲೆ ಕಾಲಿಡುತ್ತ ಹೋದೆವು. ಮೂರನೆಯ ಶೆಡ್ಡಿನ ಬಾಗಿಲಲ್ಲಿ ನಿಹಾಳ ಚಪ್ಪಲಿ ಕಂಡಿತು.

ಒಳಗೆ ಹಣಮವ್ವ ಗೋಡೆಗೊರಗಿ, ಸರಳು ಹಾಕಿದ ಕಾಲು ಚಾಚಿಕೊಂಡು ಕೂತಿದ್ದಳು. ಮೂವತ್ತು ದಾಟಿರದ ಹೆಂಗಸು. ನಿಹಾ ಎದುರಿಗೆ ಒದ್ದೆ ಬಟ್ಟೆಯಲ್ಲಿ, ಚಹಾದ ಲೋಟ ಎಡಗೈಯಲ್ಲಿ ಹಿಡಿದು ಕೂತಿದ್ದಳು. ಎರಡು ತಾಸಿನಿಂದ ಹಾಗೇ ಕೂತಿದ್ದಳೆಂದು ಆಮೇಲೆ ತಿಳಿಯಿತು. ಮಳೆಗೆ ಸಿಕ್ಕವಳೆಂದುಕೊಂಡು ಹಣಮವ್ವ ಒಳಗೆ ಕರೆದು ಚಹಾ ಕೊಟ್ಟಿದ್ದಳು. ನಿಹಾಳಿಗೆ ತಾನು ಯಾರೆಂದು ಹೇಳಲು ಬಾಯಿ ಬಂದಿರಲಿಲ್ಲ.

ಮಲ್ಲಣ್ಣ ಬಾಗಿಲಲ್ಲಿ ಕಂಡೊಡನೆ ಹಣಮವ್ವ ನಿಹಾಳಿಗೆ ಹೇಳಿದಳು: "ಇಂವ ನೋಡು ತಂಗಿ, ನನ್ನ ಕಾಲು ಮುರದಾಂವ."

"ಅಲ್ಲ," ಎಂದಳು ನಿಹಾ.

"ಅವ್ವೀ, ಸುಮ್ಕಿರು," ಎಂದ ಮಲ್ಲಣ್ಣ. "ನಡಿ, ಮನಿಗೆ ಹೋಗೂಣು."

"ಗಾಡಿ ನಾನು ನಡಸ್ತಿದ್ದೆ. ಅವನಲ್ಲ."

ಹಣಮವ್ವ ಮಲ್ಲಣ್ಣನ ಕಡೆ ತಿರುಗಿದಳು. "ಖರೆ ಏನೋ?" ಅವನು ನೆಲ ನೋಡಿದ.

"ಅವಂಗ ಏನೇನು ಬೈದೀನಿ ಗೊತ್ತೈತೇನು ನಿನಗ?" ಎಂದಳು ನಿಹಾಳಿಗೆ. "ಅವನ ಮಕ್ಕಳಿಗೂ ಹಿಡಿಶಾಪ ಹಾಕೀನಿ. ಆ ಪಾಪ ಯಾರಿಗೆ ಹಚ್ಚಲಿ ಈಗ?"

ನಿಹಾ ಲೋಟ ನೆಲಕ್ಕಿಟ್ಟಳು.

"ಅವತ್ತು ಕಣ್ಣು ಎಲ್ಲಿತ್ತು?"

"ಫೋನಿನ್ಯಾಗ. ಗೆಳತಿ ಮೆಸೇಜ್ ಮಾಡಿದ್ಲು."

"ಬಡದದ್ದು ಗೊತ್ತಾತೋ ಇಲ್ಲೋ?"

"ಆತು."

"ಇಳಿದು ಯಾಕ ಬರಲಿಲ್ಲ? ನಾ ನೆಲದ ಮ್ಯಾಲ ಬಿದ್ದು ನಿಮ್ಮ ಗಾಡಿ ಕಡೆನ ನೋಡಾಕತ್ತಿದ್ದೆ. ಇಂವ ಬಂದ, ನೀ ಬರಲಿಲ್ಲ."

"ಅಂಜಿಕಿ ಆತು. ಇಳೀಬ್ಯಾಡ ಅಂದ ಮಲ್ಲಣ್ಣ. ಆದ್ರೂ ಇಳೀಬಹುದಿತ್ತು. ಇಳೀಲಿಲ್ಲ."

ಇಷ್ಟು ಪ್ರಶ್ನೆಗಳನ್ನು ಅವಳಿಗೆ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ ಎಂದು ನನಗೆ ಅನ್ನಿಸಿತು. ಹಣಮವ್ವ ದನಿ ಏರಿಸದೆ ಒಂದೊಂದೇ ಹೇಳುತ್ತ ಹೋದಳು. ಬಹಿರ್ದೆಸೆಗೆ ಕೂಡ ಗಂಡ ಎತ್ತಿಕೊಂಡು ಹೋಗಬೇಕು. ಊರಲ್ಲಿ ತಾಯಿಯ ಹತ್ತಿರ ಬಿಟ್ಟ ಮಗಳಿಗೆ ಕಾಲಿನ ಸುದ್ದಿ ಇನ್ನೂ ಹೇಳಿಲ್ಲ. ಇನ್ನು ಮೇಲೆ ಬುಟ್ಟಿ ಹೊರಲಾಗುವುದಿಲ್ಲ. ನಿನ್ನ ಕೈಗೂ ನೋವಾಗಿದೆ, ಒಪ್ಪಿದೆ; ನಿನಗೆ ದಿನಾ ಬಂದು ತಿಕ್ಕುವವರಿದ್ದಾರೆ. ಅದಾದ ಮೇಲೆ ಬೈದಳು. ಅಪ್ಪ ಅಮ್ಮನನ್ನು ಸೇರಿಸದೆ, ನಿಹಾಳೊಬ್ಬಳಿಗೇ, ಎದುರಿಗೆ ಕಣ್ಣಿಟ್ಟು ಬೈದಳು. ನಿಹಾ ಕಣ್ಣು ತಗ್ಗಿಸದೆ ಕೇಳಿಸಿಕೊಂಡಳು. ಕೊನೆಗೆ ಅವಳ ಭುಜ ಅದುರತೊಡಗಿ, ಎರಡು ತಿಂಗಳಲ್ಲಿ ನಾನು ಒಮ್ಮೆಯೂ ನೋಡದ ಅಳು ಹೊರಬಂತು. ಅವಳ ಮುರಿದ ಕೈ ತಾನಾಗಿ ಮೇಲೆದ್ದು ಮುಖ ಮುಚ್ಚಿಕೊಳ್ಳಲು ನೋಡಿತು. ಬೆರಳು ಪೂರ್ತಿ ಮಡಚಲಿಲ್ಲ.

"ಇಲ್ಲಿ ಅಳಬ್ಯಾಡ," ಎಂದಳು ಹಣಮವ್ವ. "ನನ್ನ ಮುಂದ ಅತ್ತು ಹಗುರಾಗಿ ಹೋಗಬ್ಯಾಡ. ಹೇಳೂ ಕಡೆ ಹೋಗಿ ಹೇಳು."

ಮನೆ ಮುಟ್ಟುವಾಗ ಕತ್ತಲಾಗಿತ್ತು. ಶಿವರಾಜಪ್ಪನವರು ಮಗಳನ್ನು ತಬ್ಬಿಕೊಂಡರು. ಅವಳು, ಪಪ್ಪಾ, ನಾಳೆ ಸ್ಟೇಶನ್ನಿಗೆ ಹೋಗುತ್ತೇನೆ ಎಂದಳು. ಅವರು ಮಲ್ಲಣ್ಣನನ್ನು ನೋಡಿದರು, ಆಮೇಲೆ ನನ್ನನ್ನು. ಸಿಟ್ಟಿನಲ್ಲೂ ಅವರ ದನಿ ಮೆತ್ತಗೇ ಇತ್ತು: "ನಾಳಿಂದ ನೀವು ಬರೂದು ಬ್ಯಾಡ್ರಿ." ಕ್ಲಿನಿಕ್ಕಿಗೂ ಫೋನ್ ಹೋಯಿತು. ತಿಂಗಳ ಕೊನೆಗೆ ನನಗೆ ಬೇರೆ ಕೆಲಸ ನೋಡಿಕೊಳ್ಳಿ ಎಂದರು.

ಮರುದಿನ ಅವಳನ್ನು ಸ್ಟೇಶನ್ನಿಗೆ ಕರೆದುಕೊಂಡು ಹೋದವರು ಸುಮಂಗಲಾ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಗಂಡನನ್ನು ಕೇಳದೆ, ಪರ್ಸು ತೆಗೆದುಕೊಂಡು, ಮಗಳ ಕೈ ಹಿಡಿದು ಆಟೋ ಹತ್ತಿದರಂತೆ. ಸಂಜೆ ನನಗೆ ಫೋನ್ ಮಾಡಿ ಹೇಳಿದರು: "ಆ ಜೋಕಾಲಿ ಹಗ್ಗ ನಾನ ಸಡಲ ಮಾಡಿದ್ನ್ರಿ. ಆಕಿ ಅಳೂದು ನೋಡಾಕ ಆಗಲಿಲ್ಲ." ನನಗೆ ಮೇಣದ ಯಂತ್ರದ ವಿಷಯ ನೆನಪಾಯಿತು. ಅವರ ಮೇಲೆ ತಪ್ಪು ಹೊರಿಸುವ ಹಕ್ಕು ನನಗಿರಲಿಲ್ಲ.

ಎಲ್ಲವೂ ಒಳ್ಳೆಯದಾಯಿತು ಎಂದು ಹೇಳಲಾರೆ. ನಿಹಾ ಮನಸ್ಸಿನ ಡಾಕ್ಟರರ ಹತ್ತಿರ ಹೋದಳು, ಒಂದೂವರೆ ವರ್ಷ ಮಾತ್ರೆ ತೆಗೆದುಕೊಂಡಳು, ಮತ್ತೆ ಕಾಲೇಜಿಗೆ ಸೇರಿದಳು. ಮಣಿಕಟ್ಟು ಪೂರ್ತಿ ತಿರುಗಲೇ ಇಲ್ಲ, ಸಮಯ ಮೀರಿತ್ತು. ಹಣಮವ್ವನಿಗೆ ಪರಿಹಾರದ ಕೇಸು ಬೇರೆಯಾಗಿ ನಡೆದು ಸಿಕ್ಕಿತು. ಊರಿಗೆ ಹೋಗಿ ಸಣ್ಣ ಕಿರಾಣಿ ಅಂಗಡಿ ಹಾಕಿದಳು, ಕುಂಟುವುದು ಉಳಿಯಿತು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಮಲ್ಲಣ್ಣನಿಗೂ ಕೋರ್ಟು ಅಲೆದಾಟ ತಪ್ಪಲಿಲ್ಲ. ಕೆಲಸ ಹೋಯಿತು. ಅವನ ಮಗಳ ಓದು ಒಂದು ವರ್ಷ ನಿಂತಿತು. ಆಮೇಲೆ ಸುಮಂಗಲಾ ತವರಿನ ಬಂಗಾರ ಒತ್ತೆಯಿಟ್ಟು ಅದನ್ನು ಮುಂದುವರಿಸಿದರೆಂದು ಕೇಳಿದೆ. ಆ ನಡುವಿನ ವರ್ಷದಲ್ಲಿ ಒಮ್ಮೆ ಮಲ್ಲಣ್ಣ ಸಿಕ್ಕಿದಾಗ, ನಿಹಾ ಧೈರ್ಯ ಮಾಡಿದಳಲ್ಲವೇ ಎಂದೆ. ಅವನು ನಕ್ಕ. "ಮಾಡಿದಳ್ರಿ. ಖರೆ ಹೇಳೂದೂ ಉಳ್ಳವರಿಗೇ ಸೋವಿ ಬೀಳ್ತದ ಅಕ್ಕಾರ" ಎಂದ.

ಎರಡು ವರ್ಷದ ಮೇಲೆ ತೀರ್ಪು ಬಂತು. ನಿಹಾ ನನ್ನನ್ನು ಬರಲು ಕೇಳಿದ್ದಳು, ಹೋಗಿದ್ದೆ. ತಪ್ಪು ಒಪ್ಪಿಕೊಂಡಿದ್ದಳು, ವಯಸ್ಸು ಚಿಕ್ಕದು, ಮೊದಲ ತಪ್ಪು. ದಂಡ ಹಾಕಿ, ಆ ದಿನದ ಕೋರ್ಟು ಮುಗಿಯುವವರೆಗೆ ಅಲ್ಲೇ ಕೂತಿರಬೇಕೆಂದು ಶಿಕ್ಷೆ ಕೊಟ್ಟರು. ಬೆಳಿಗ್ಗೆ ಹನ್ನೊಂದರಿಂದ ಅವಳು ಹಿಂದಿನ ಮರದ ಬೆಂಚಿನ ತುದಿಯಲ್ಲಿ ಕೂತಳು. ಫ್ಯಾನಿನ ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ. ಬೇರೆ ಕೇಸುಗಳು ಬಂದವು, ಹೋದವು, ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ. ಹಣಮವ್ವ ಅಲ್ಲಿದ್ದಿದ್ದರೆ ಇದೇನು ಶಿಕ್ಷೆ ಎಂದು ಕೇಳುತ್ತಿದ್ದಳು ಅನ್ನಿಸಿತು.

ಮೂರು ಗಂಟೆ ಸುಮಾರಿಗೆ ಶಿವರಾಜಪ್ಪನವರು ಬಂದರು. ಎರಡು ವರ್ಷದಲ್ಲಿ ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಕ್ಲರ್ಕನ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಮಾತಾಡಿದರು. ಅವನು ಗೋಡೆ ಗಡಿಯಾರ ನೋಡಿ, ಜಡ್ಜ್ ಸಾಹೇಬರು ಒಳಗೆ ಹೋಗಿದ್ದಾರೆ, ಕರೆದುಕೊಂಡು ಹೋಗಿ, ಯಾರು ಕೇಳುತ್ತಾರೆ ಎಂಬಂತೆ ಕೈಯಾಡಿಸಿದ. ಅವರು ಮಗಳ ಹತ್ತಿರ ಬಂದು, "ಏಳು ಕೂಸ, ಮಾತಾಡೀನಿ. ನಡಿ" ಎಂದರು.

ನಿಹಾ ಏಳಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಇನ್ನೂ ಟೈಮ್ ಆಗಿಲ್ಲ ಪಪ್ಪಾ," ಎಂದಳು. "ನೀವೂ ಕೂತ್ಕೋರಿ."

ಅವರು ಒಂದು ಗಳಿಗೆ ನಿಂತರು. ಆಮೇಲೆ ಕೂತರು.